ಲಾಗರ್‌ಗೆ ಡ್ರೈ ಹಾಪ್: ಈಗಲೇ ಹಾಕಲೋ, ಪಾತ್ರೆ ಬದಲಿಸಿ ಹಾಕಲೋ?

ಸಹಾಯ ಬೇಕು. ಮನೆಯಲ್ಲೇ ಮಾಡುತ್ತಿರುವ 20 ಲೀಟರ್ ಪಿಲ್ಸ್ನರ್ (ತಂಪಿನಲ್ಲಿ ಹುದುಗಿಸುವ ಲಾಗರ್ ಬಗೆಯ ಬಿಯರ್) 12 ಡಿಗ್ರಿಯಲ್ಲಿ ಹುದುಗುತ್ತಿದೆ, ಯೀಸ್ಟ್ ಡಬ್ಲ್ಯೂ-34/70. ಗ್ರಾವಿಟಿ (ಸಕ್ಕರೆ ಕರಗಿದಂತೆ ಇಳಿಯುವ ಸಾಂದ್ರತೆ) 1.050ರಿಂದ 1.020ಕ್ಕೆ ಇಳಿದಿದೆ, ಏರ್‌ಲಾಕ್ (ಗ್ಯಾಸ್ ಹೊರಬಿಡುವ ಮುಚ್ಚಳದ ಕೊಳವೆ) ಇನ್ನೂ ಗುಳುಗುಳು ಅನ್ನುತ್ತಲೇ ಇದೆ. ಸ್ಯಾಂಪಲ್‌ನಲ್ಲಿ ತುಸು ಗಂಧಕದ ವಾಸನೆ. ಲಾಗರ್‌ಗೆ ಅದು ಮಾಮೂಲು, ಚಿಂತೆಯಿಲ್ಲ.

ತಲೆ ಕೆಡಿಸಿರೋದು ಹಾಪ್ಸ್, ಅಂದರೆ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು; ಅದನ್ನು ಕುದಿಸದೆ, ಪರಿಮಳಕ್ಕಾಗಿ ನಂತರ ಹಾಕೋದೇ ಡ್ರೈ ಹಾಪ್. 40 ಗ್ರಾಂ ಸಾಜ್ ತಳಿಯ ಪೆಲೆಟ್ (ಒತ್ತಿದ ಗುಳಿಗೆ) ಇದೆ. ಈಗಲೇ ಹಾಕಿದರೆ ಜೊತೆಗೆ ನುಗ್ಗುವ ಆಮ್ಲಜನಕವನ್ನು ಯೀಸ್ಟ್ ಹೀರಿಕೊಳ್ಳುತ್ತದೆ, ನಿಜ. ಆದರೆ ಹೊರಹೋಗುವ ಗ್ಯಾಸ್ ಜೊತೆ ಪರಿಮಳವೂ ಹೋಗುತ್ತಲ್ಲ! ಪೆಲೆಟ್ ಬಿದ್ದೊಡನೆ ನೊರೆ ಉಕ್ಕಿ ಮುಚ್ಚಳದವರೆಗೂ ಬರಬಹುದು. ಪೂರ್ತಿ ಹುದುಗಿ ತಣ್ಣಗಾದ ಮೇಲೆ ಹಾಕೋಣವೆಂದರೆ ಹಾಪ್ ಕ್ರೀಪ್ ಭಯ: ಹಾಪ್ಸ್‌ನ ಕಿಣ್ವಗಳು ಉಳಿದ ಡೆಕ್ಸ್‌ಟ್ರಿನ್ (ಯೀಸ್ಟ್ ಹುದುಗಿಸಲಾಗದ ಪಿಷ್ಟದ ತುಣುಕು) ಒಡೆದು ಸಕ್ಕರೆ ಮಾಡುತ್ತವೆ, ಹುದುಗುವಿಕೆ ಮತ್ತೆ ಶುರುವಾಗುತ್ತದೆ, ಹಿಂದೆಯೇ ಬೆಣ್ಣೆ ವಾಸನೆಯ ಡೈಅಸಿಟೈಲ್. ತಂಪಿನಲ್ಲಿ ಯೀಸ್ಟ್ ಅದನ್ನು ತೆಗೆಯೋದೂ ನಿಧಾನ. ಬಾಟಲಿಗೆ ತುಂಬಿದ ಮೇಲೆ ಹೀಗಾದರೆ ಒತ್ತಡದ ತಲೆನೋವು ಬೇರೆ.

ಸೆಕೆಂಡರಿಗೆ, ಅಂದರೆ ಇನ್ನೊಂದು ಪಾತ್ರೆಗೆ, ವರ್ಗಾಯಿಸಿ ಅಂತ ಕೆಲವರು ಹೇಳುತ್ತಾರೆ. ಗಾಳಿ ತಾಗದಂತೆ ವರ್ಗಾಯಿಸಲು ಕೆಗ್ (ಬಿಯರ್ ಪೀಪಾಯಿ) ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಇರೋದು ಬರೀ ಸೈಫನ್ ಟ್ಯೂಬ್. ಯೀಸ್ಟ್ ಕೆಸರು ಬಿಟ್ಟುಹೋಗುವ ಲಾಭಕ್ಕಿಂತ ಗಾಳಿ ತಾಗುವ ನಷ್ಟವೇ ಹೆಚ್ಚು ಅನ್ನೋದು ನನ್ನ ಲೆಕ್ಕ.

ಹಾಗಾಗಿ ಇದೇ ಪಾತ್ರೆಯಲ್ಲಿ 17 ಡಿಗ್ರಿಗೆ ಏರಿಸಿ, ಡೈಅಸಿಟೈಲ್ ರೆಸ್ಟ್ (ಯೀಸ್ಟ್ ಡೈಅಸಿಟೈಲ್ ತೆಗೆಯಲೆಂದು ಬೆಚ್ಚಗಿಡುವ ಹಂತ) ಹೊತ್ತಿಗೇ ಹಾಪ್ಸ್ ಹಾಕಿ, 3 ದಿನ ಬಿಟ್ಟು, ಗ್ರಾವಿಟಿ ನಿಂತಿದ್ದು ಖಚಿತವಾದ ಮೇಲೆ ತಣ್ಣಗೆ ಮಾಡೋ ಯೋಚನೆ. ಯಾವ ಗ್ರಾವಿಟಿಗೆ ಹಾಕಿದರೆ ಒಳ್ಳೆಯದು? ಚೀಲದಲ್ಲಿ ಕಟ್ಟಲೋ, ಹಾಗೇ ಸುರಿಯಲೋ? ಲಾಗರ್‌ನಲ್ಲೇ ಮಾಡಿ ನೋಡಿದವರು ದಯವಿಟ್ಟು ಹೇಳಿ.