ತರಗತಿಯಲ್ಲಿ ಆಟ, ತಮಾಷೆ: ಗದ್ದಲವಾಗದಂತೆ, ಯಾರಿಗೂ ನೋವಾಗದಂತೆ ನಡೆಸುವುದು ಹೇಗೆ?

ಬಳಪ:
ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟು 35. ಪೀರಿಯಡ್ 40 ನಿಮಿಷ. ಗಣಿತಕ್ಕೂ ಭಾಷೆಗೂ ಆಟ ಸೇರಿಸಿದಾಗ ಮೂರು ತೊಂದರೆ ಎದುರಾಗುತ್ತವೆ. ಆಟ ನಿಲ್ಲಿಸಿದರೂ ಗಲಾಟೆ ನಿಲ್ಲುವುದಿಲ್ಲ. ಗೆಲ್ಲುವವರು ಯಾವಾಗಲೂ ಅದೇ ನಾಲ್ಕೈದು ಮಕ್ಕಳು, ಉಳಿದವರು ಔಟಾಗಿ ಸುಮ್ಮನೆ ಕೂರುತ್ತಾರೆ. ಯಾರಾದರೂ ತಪ್ಪು ಹೇಳಿದರೆ ಎಲ್ಲರೂ ಗೊಳ್ಳೆಂದು ನಗುತ್ತಾರೆ, ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಆಟವನ್ನು ಕೈಬಿಡದೆ ಇದನ್ನು ಸರಿಪಡಿಸುವ ದಾರಿ ತಿಳಿಸಿ.

ಕೂಡುಕಳೆ:
ಮೊದಲು ‘ಔಟ್’ ಅನ್ನೇ ತೆಗೆದುಹಾಕಿ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಬೀಳುವ ಆಟದಿಂದ ಕಲಿಕೆಗೆ ಏನೂ ಸಿಗದು.

ಮಗ್ಗಿಗೆ ಚಪ್ಪಾಳೆ ಆಟವನ್ನೇ ತೆಗೆದುಕೊಳ್ಳಿ. ಮಕ್ಕಳು ಸುತ್ತು ಕೂತು ಒಂದು, ಎರಡು ಎಂದು ಸರದಿಯಲ್ಲಿ ಎಣಿಸಬೇಕು. ಮೂರರ ಮಗ್ಗಿಯ ಸಂಖ್ಯೆ ಬಂದಾಗ ಹೇಳದೆ ಚಪ್ಪಾಳೆ ತಟ್ಟಬೇಕು. 35 ಜನರ ಒಂದೇ ಸುತ್ತಾದರೆ ಒಬ್ಬೊಬ್ಬರಿಗೆ ಒಂದೇ ಸರದಿ. ಕಾಯುವವರೇ ಗಲಾಟೆ ಮಾಡುವುದು. ಏಳೇಳು ಮಕ್ಕಳ ಐದು ಗುಂಪು ಮಾಡಿ. ಆರು ಜನರ ಗುಂಪು ಬೇಡ, ಏಕೆಂದರೆ ಆಗ ಮೂರನೆಯವರು ಮತ್ತು ಆರನೆಯವರು ಮಾತ್ರ ಪ್ರತಿ ಸಲ ಚಪ್ಪಾಳೆ ತಟ್ಟುತ್ತಾರೆ, ಉಳಿದ ನಾಲ್ವರಿಗೆ ಮಗ್ಗಿಯ ಗೊಡವೆಯೇ ಇರುವುದಿಲ್ಲ. ಏಳು ಜನರಿದ್ದರೆ 21ರೊಳಗೆ ಪ್ರತಿ ಮಗುವೂ ಒಮ್ಮೆ ತಟ್ಟಿರುತ್ತದೆ. ಏಳರ ಮಗ್ಗಿಯ ದಿನ ಮಾತ್ರ ಗುಂಪಿನ ಗಾತ್ರ ಬದಲಿಸಿ, ಇಲ್ಲದಿದ್ದರೆ ಕೊನೆಯ ಮಗು ಒಂದೇ ತಟ್ಟುತ್ತಿರುತ್ತದೆ.

ತಪ್ಪಾದಾಗ ಮತ್ತೆ ಒಂದರಿಂದ ಶುರು ಮಾಡಿಸಬೇಡಿ. ಹಾಗೆ ಮಾಡಿದರೆ 3, 6, 9 ಬಾಯಿಪಾಠವಾಗುತ್ತವೆ, 24, 27ರವರೆಗೆ ಆಟ ಹೋಗುವುದೇ ಇಲ್ಲ. ತಪ್ಪಾದ ಸಂಖ್ಯೆಗಿಂತ ಐದು ಹಿಂದಿನಿಂದ ಮುಂದುವರಿಸಿ. ಗುಂಪು ತಪ್ಪಿಲ್ಲದೆ ಎಲ್ಲಿಯವರೆಗೆ ಹೋಯಿತೋ ಆ ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಮರುದಿನ ಅದನ್ನು ಮೀರಿಸುವುದೇ ಗೆಲುವು.

ಗಿಲಕಿ:
ನಿಲ್ಲಿಸುವ ಸನ್ನೆಯನ್ನು ಆಟಕ್ಕೆ ಮುಂಚೆಯೇ ಗೊತ್ತುಮಾಡಿ, ಎರಡು ಸಲ ಅಭ್ಯಾಸವನ್ನೂ ಮಾಡಿಸಿ. ನೀವು ಕೈ ಎತ್ತಿದರೆ ನೋಡಿದವರೆಲ್ಲ ಮಾತು ನಿಲ್ಲಿಸಿ ಕೈ ಎತ್ತಬೇಕು, ಅಷ್ಟೇ. ಗದ್ದಲದ ಮೇಲೆ ಕೂಗಿದರೆ ಗದ್ದಲ ಏರುತ್ತದೆ.

ಆಟ ಐದರಿಂದ ಎಂಟು ನಿಮಿಷ ಸಾಕು. ‘ಇನ್ನೊಂದ್ಸಲ ಮಿಸ್’ ಅನ್ನುವಾಗಲೇ ನಿಲ್ಲಿಸಿ. ಬೇಸರ ಬಂದ ಮೇಲೆ ನಿಲ್ಲಿಸಲು ಹೊರಟರೆ ಅಷ್ಟರಲ್ಲಿ ತಳ್ಳಾಟ ಶುರುವಾಗಿರುತ್ತದೆ. ನಿಂತ ಕೂಡಲೇ ಕೈಗೆ ಕೆಲಸ ಕೊಡಿ: ಆಟದಲ್ಲಿ ಬಂದ ಮೂರು ಸಂಖ್ಯೆ ನೋಟ್‌ಬುಕ್ಕಿನಲ್ಲಿ ಬರೆಯಲಿ. ‘ಈಗ ಸುಮ್ಮನಿರಿ’ ಎಂದಷ್ಟೇ ಹೇಳಿದರೆ ಮಕ್ಕಳಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ.

ಮೊದಲಬೆಂಚು:
ನಗುವಿನ ವಿಚಾರ ಎಲ್ಲಕ್ಕಿಂತ ಮುಖ್ಯ. ಮಗುವಿನ ತಪ್ಪಿನ ಮೇಲೆ ಬೀಳುತ್ತಿರುವ ನಗುವನ್ನು ಬೇರೆ ಕಡೆ ತಿರುಗಿಸಬೇಕು. ಬೋರ್ಡಿನಲ್ಲಿ ‘ಹಸು ಹಲ್ಲು ತಿಂದಿತು’, ‘ಅಜ್ಜಿಯ ಹುಲ್ಲು ಬಿದ್ದುಹೋಯಿತು’ ಎಂದು ಬರೆಯಿರಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಒಂದು ಕೊಂಬು ಏನು ಮಾಡಬಲ್ಲದು ಎಂಬುದು ವಿವರಿಸದೆಯೇ ಅರ್ಥವಾಗುತ್ತದೆ.

ಆದರೆ ‘ಇವತ್ತು ಎರಡು ತಪ್ಪು ಅಡಗಿವೆ, ಹುಡುಕಿ’ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ನಿಧಾನ ಓದುವ ಮಕ್ಕಳು ತಪ್ಪನ್ನೇ ನಕಲು ಮಾಡಿಕೊಳ್ಳುತ್ತಾರೆ. ಸಿಕ್ಕ ತಪ್ಪನ್ನು ಸ್ಲೇಟಿನಲ್ಲಿ ತಿದ್ದಿ ಬರೆದು ಒಟ್ಟಿಗೆ ಎತ್ತಿ ತೋರಿಸಲಿ. ಕೂಗಿ ಹೇಳಲು ಬಿಟ್ಟರೆ ಚುರುಕಿನ ನಾಲ್ವರು ಎಲ್ಲರ ಅವಕಾಶವನ್ನೂ ನುಂಗಿಬಿಡುತ್ತಾರೆ. ಅಳಿಸುವ ಮುಂಚೆ ಸರಿಯಾದ ಸಾಲು ಬೋರ್ಡಿನ ಮೇಲಿರಲೇಬೇಕು. ಅಂದೇ ಹೊಸದಾಗಿ ಕಲಿಸಿದ ಅಕ್ಷರಕ್ಕೆ ಈ ಆಟ ಬೇಡ.

ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಬೊಂಬೆ ಮಾಡಿಕೊಂಡರೆ ತಪ್ಪನ್ನೆಲ್ಲ ಅದರ ಬಾಯಲ್ಲಿ ಹೇಳಿಸಬಹುದು. ಒಂದು ಮಗು ಮಾಡಿದ ತಪ್ಪನ್ನು ಅಂದೇ ಬೊಂಬೆಯಿಂದ ಹೇಳಿಸಬೇಡಿ, ಅದು ಯಾರದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ‘ಓಹೋ, ಮಹಾ ಜಾಣ!’ ಎಂಬಂಥ ಕುಹಕವಂತೂ ಬೇಡವೇ ಬೇಡ. ಚಿಕ್ಕ ಮಕ್ಕಳಲ್ಲಿ ಕೆಲವರು ಅದನ್ನು ನಿಜವೆಂದೇ ನಂಬುತ್ತಾರೆ, ಅರ್ಥವಾದವರು ಒಳಗೇ ನೊಂದುಕೊಳ್ಳುತ್ತಾರೆ.

ಬಳಪ:
ಎಲ್ಲರಿಗೂ ಧನ್ಯವಾದ. ಮೂರನೇ ತರಗತಿಯವರಿಗೆ ಬೊಂಬೆ ತೀರಾ ಎಳಸು ಅನಿಸುವುದಿಲ್ಲವೇ?

ಮೊದಲಬೆಂಚು:
ಕೆಲವರಿಗೆ ಅನಿಸುತ್ತದೆ. ಅಂಥವರ ಕೈಗೆ ಹೆಸರಿಲ್ಲದ ಉತ್ತರಪತ್ರಿಕೆ ಕೊಟ್ಟು ಮೇಷ್ಟ್ರ ಕೆಲಸ ಒಪ್ಪಿಸಿ. ಐದು ಲೆಕ್ಕ, ಅದರಲ್ಲಿ ಎರಡು ತಪ್ಪು. ತಪ್ಪಿಗೆ ಕಾರಣ ಇರಬೇಕು. ಉದಾಹರಣೆಗೆ 42ರಲ್ಲಿ 17 ಕಳೆದರೆ 35 ಎಂದು ಬರೆದಿಡಿ: ದಶಕ ತೆಗೆದುಕೊಳ್ಳದೆ 7ರಲ್ಲೇ 2 ಕಳೆದಿರುವುದನ್ನು ಮಕ್ಕಳು ಕಂಡುಹಿಡಿಯಲಿ. ಬರೀ ತಪ್ಪು ಗುರುತು ಹಾಕಿದರೆ ಸಾಲದು, ಎಲ್ಲಿ ಎಡವಿದೆ ಎಂದು ಒಂದು ಸಾಲು ಬರೆದರೆ ಮಾತ್ರ ಮೌಲ್ಯಮಾಪನ ಮುಗಿದಂತೆ. ಕೆಂಪು ಪೆನ್ಸಿಲ್ ಕೊಡಲು ಮರೆಯಬೇಡಿ, ಆ ಗತ್ತಿಗಾಗಿಯೇ ಮಕ್ಕಳು ಲೆಕ್ಕವನ್ನು ಎರಡೆರಡು ಸಲ ನೋಡುತ್ತಾರೆ.