ಸಹಾಯ ಬೇಕು: ನಮ್ಮ ಜರ್ಮನ್ ಕ್ಲಾಸಿಗೆ ಮಾತಾಡೋ ಜೊತೆಗಾರರು

ನಮಸ್ಕಾರ. ದಾವಣಗೆರೆಯಲ್ಲಿ ಸಂಜೆ ಹೊತ್ತು ಜರ್ಮನ್ ಎ1, ಅಂದ್ರೆ ಮೊದಲ ಹಂತ, ಹೇಳಿಕೊಡುತ್ತೇನೆ. ಜಾಸ್ತಿ ಜನ ನರ್ಸಿಂಗ್ ಓದುವ ಹುಡುಗಿಯರು. ಪರಿಸರದ ಪಾಠವನ್ನು ಸುಮ್ನೆ ಬಾಯಿಪಾಠ ಮಾಡಿಸೋಕೆ ನನಗೆ ಮನಸ್ಸಿಲ್ಲ.

ಹೋದ ಭಾನುವಾರ ಎಲ್ಲರೂ ಕುಂದವಾಡ ಕೆರೆ ಏರಿ ಮೇಲೆ ನಡೆದೆವು. ಒಬ್ಬಳು ಕೆಸರು ಮೆತ್ತಿದ ನೀರಿನ ಬಾಟಲಿ ಎತ್ತಿ "ದೀ ಫ್ಲಾಶೆ" ಅಂದಳು. ಜರ್ಮನಿಯಲ್ಲಿ ಇಂಥ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತೆ, ಅದನ್ನ "ಪ್ಫಾಂಟ್" ಅಂತಾರೆ ಎಂದೆ. ಆ ಪದ ಅವರು ಇನ್ನು ಮರೆಯಲ್ಲ. ಅಲ್ಲಿ ಎಷ್ಟೋ ಊರಲ್ಲಿ ನೀಲಿ ಡಬ್ಬ ಅಂದ್ರೆ ಕಾಗದ, ನಮ್ಮಲ್ಲಿ ಒಣ ಕಸ. ಇದೇ ಒಂದು ಒಳ್ಳೆ ಪಾಠ ಅಲ್ವಾ?

ಈಗ ಎರಡು ಸಹಾಯ ಬೇಕು. ಜರ್ಮನಿಯಲ್ಲಿರುವ ಕನ್ನಡಿಗರು ಅಥವಾ ಅಲ್ಲಿನ ಶಿಕ್ಷಕರು ಯಾರಾದರೂ ವಾರಕ್ಕೆ ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ನಿಧಾನವಾಗಿ ಜರ್ಮನ್ ಮಾತಾಡಬೇಕು, ತಮ್ಮ ಮನೆಯ ಕಸದ ಡಬ್ಬಗಳನ್ನು ತೋರಿಸಬೇಕು. ನಮ್ಮ ಸಂಜೆ 6.30 ಅಂದ್ರೆ ಅಲ್ಲಿ ಬೇಸಿಗೆಯಲ್ಲಿ 3 ಗಂಟೆ, ಚಳಿಗಾಲದಲ್ಲಿ 2. ಇನ್ನೊಂದು, ಊರಲ್ಲಿ ಕಸ ವಿಂಗಡಿಸುವ ಕೆಲಸ ಮಾಡುವ ಅಕ್ಕಂದಿರು ಒಂದು ದಿನ ಕ್ಲಾಸಿಗೆ ಬಂದು ಮಾತಾಡಬೇಕು. ಅವರ ಮಾತನ್ನು ಹುಡುಗಿಯರು ಜರ್ಮನ್‌ಗೆ ತರ್ತಾರೆ. ಅವರ ಆ ದಿನದ ಕೂಲಿ ನಾನೇ ಕೊಡುತ್ತೇನೆ.

ಪರಿಚಯ ಇದ್ದವರು ದಯವಿಟ್ಟು ಮೆಸೇಜ್ ಮಾಡಿ.