ಸಹಾಯ ಬೇಕು: ಕಣಕಾಲಿನ ಲಿಗಮೆಂಟ್ ಆಪರೇಷನ್ ಆಗಿದೆ, ಮನೇಲಿ ಇಂಡಿಯನ್ ಟಾಯ್ಲೆಟ್

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಬಲಗಾಲಿನ ಕಣಕಾಲಿನ ಹೊರಬದಿಯ ಲಿಗಮೆಂಟ್ ಹೊಲಿದು ಮನೆಗೆ ಕಳಿಸಿದ್ದಾರೆ. ಷಟಲ್ ಆಡುವಾಗ ಪದೇ ಪದೇ ಉಳುಕಿ ಅದು ಪೂರ್ತಿ ಸಡಿಲವಾಗಿತ್ತಂತೆ. ಈಗ ಮಂಡಿ ಕೆಳಗಿನವರೆಗೂ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಕಟ್ಟು) ಇದೆ, ಆ ಕಾಲು ನೆಲಕ್ಕೆ ಊರಲೇಬಾರದು. ದಿಂಬಿನ ಮೇಲೆ ಎತ್ತಿಟ್ಟರೆ ಸರಿ. ಸ್ವಲ್ಪ ಹೊತ್ತು ಇಳಿಬಿಟ್ಟರೆ ಬೆರಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳುತ್ತವೆ. ಶುರುವಿನಲ್ಲಿ ಅದು ಮಾಮೂಲು, ಎತ್ತಿಟ್ಟರೂ ಇಳಿಯದಿದ್ದರೆ ಅಥವಾ ಮೀನಖಂಡ ನೋಯ್ತಿದ್ದರೆ ತಕ್ಷಣ ಬನ್ನಿ ಅಂದಿದ್ದಾರೆ ಡಾಕ್ಟರ್.

ನನ್ನ ತಲೆನೋವು ಬಚ್ಚಲುಮನೆ. ಹಳೇ ಬಾಡಿಗೆ ಮನೆ, ಇಂಡಿಯನ್ ಟಾಯ್ಲೆಟ್, ಹೊಸ್ತಿಲು ಬೇರೆ ಎತ್ತರ. ವಾಕರ್ ಒಳಗೆ ತಿರುಗೋದೇ ಇಲ್ಲ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಕಮೋಡ್ ಕುರ್ಚಿ ತಿಂಗಳ ಬಾಡಿಗೆಗೆ ಎಲ್ಲಿ ಸಿಗುತ್ತೆ? ಸುಮ್ನೆ ಹೊಸದು ತಗೊಂಡು ಆಮೇಲೆ ಅಟ್ಟಕ್ಕೆ ಹಾಕೋದು ಬೇಡ ಅನ್ನಿಸ್ತಿದೆ.

ಹೊಲಿಗೆ ಬಿಚ್ಚಿದ ಮೇಲೆ ಮನೆಗೇ ಬರುವ ಫಿಸಿಯೋ ಬೇಕು. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಸ್ಲ್ಯಾಬ್ ನೆನೆಯದ ಹಾಗೆ ಸ್ನಾನ ಮಾಡಿಸೋದು ಹೇಗೆ? ಪ್ಲಾಸ್ಟಿಕ್ ಕವರ್ ಕಟ್ಟಿದರೆ ಮೇಲಿಂದ ನೀರು ಇಳೀತಿದೆ.

ಎಣ್ಣೆ ಹಚ್ಚಿ ನೀವಿ ಅನ್ನೋ ಸಲಹೆ ಮಾತ್ರ ದಯವಿಟ್ಟು ಬೇಡ. ಅದನ್ನು ಅತ್ತೆ ಆಗಲೇ ಕೊಟ್ಟಿದ್ದಾರೆ!